ಬ್ರೇಕಿನ ಅಳತೆ

ನನ್ನ ಮಗ ದರ್ಜಿ. ಅವನ ಅಂಗಡಿಯಲ್ಲಿ ಹೊಸದು ಹೊಲಿಯುವುದಕ್ಕಿಂತ ಹಳೆಯದನ್ನು ಸರಿಮಾಡುವ ಕೆಲಸವೇ ಹೆಚ್ಚು. ಗಿರಾಕಿಯ ಹೊಟ್ಟೆ ಮುಂದೆ ಬಂದಿದ್ದರೆ ಪ್ಯಾಂಟಿನ ಹೊಲಿಗೆ ಬಿಚ್ಚಿ ಅಗಲ ಮಾಡುತ್ತಾನೆ. ಹೊಟ್ಟೆ ಇಳಿಸಿಕೊಂಡು ಬನ್ನಿ ಎಂದು ಇವತ್ತಿನವರೆಗೆ ಯಾರಿಗೂ ಹೇಳಿದವನಲ್ಲ. ಸೊಸೆ ರೈಲು ಓಡಿಸಲು ಕಲಿಯುತ್ತಿದ್ದಾಗ ನಮ್ಮ ಮನೆಯಲ್ಲಿ ಆದ ಎಡವಟ್ಟಿಗೆ ಅವನ ಈ ಗುಣವೇ ಕಾರಣ.

ಸೊಸೆ ಮೊದಲು ಪಾರ್ಸೆಲ್ ಕಚೇರಿಯಲ್ಲಿ ಗಂಟುಗಳಿಗೆ ಚೀಟಿ ಅಂಟಿಸುತ್ತಿದ್ದಳು. ವರ್ಷಗಟ್ಟಲೆ ಅಂಟಿಸಿ, ಸಾಕೆನಿಸಿ, ಗೂಡ್ಸ್ ರೈಲಿನ ಚಾಲಕಿಯಾಗುವ ತರಬೇತಿಗೆ ಸೇರಿದಳು. ಅದರ ಕೊನೆಗೊಂದು ಪರೀಕ್ಷೆ. ಸರಕು ತುಂಬಿದ ರೈಲನ್ನು ತಂದು ಯಾರ್ಡಿನ ನಿಲುಗಡೆ ಫಲಕದ ಹತ್ತಿರ ನಿಲ್ಲಿಸಬೇಕು, ಫಲಕ ದಾಟಬಾರದು. ಅವಕಾಶ ಎರಡೇ ಸಲ. ಎರಡೂ ತಪ್ಪಿದರೆ ಮತ್ತೆ ಚೀಟಿ, ಮತ್ತೆ ಅಂಟು.

ತರಬೇತಿ ಶಾಲೆಯಲ್ಲಿ ಕೈಗೆ ಎಂಜಿನ್ ಸಿಗುವುದು ಅಪರೂಪ. ಅದಕ್ಕೆ ಮಗ ಮನೆಯ ಕಂಪ್ಯೂಟರಿಗೆ ರೈಲು ಓಡಿಸುವ ಆಟವೊಂದನ್ನು ಹಾಕಿದ. ಅವಳು ಕಲಿಯುವ ಎಂಜಿನ್ನನ್ನೇ ಯಾರೋ ಪುಣ್ಯಾತ್ಮರು ತೂಕ, ಬ್ರೇಕು ಎಲ್ಲ ಅಸಲಿನಂತೆಯೇ ಮಾಡಿ ಇಂಟರ್‌ನೆಟ್ಟಿನಲ್ಲಿ ಇಟ್ಟಿದ್ದರು. ಮೊದಲ ದಿನ ಅದು ಚಕ್ರವಿಲ್ಲದೆ ಬಂತು. ಹಳಿಯಿಂದ ಮೊಳದಷ್ಟು ಮೇಲೆ ತೇಲುತ್ತಾ, ಸದ್ದು ಮಾತ್ರ ಸರಿಯಾಗಿ ಮಾಡುತ್ತಾ ಹೋಯಿತು. ಚಕ್ರದ ಫೈಲು ಇನ್ನೆಲ್ಲೋ ಬೇರೆ ಫೋಲ್ಡರಿನಲ್ಲಿ ಕೂತಿತ್ತಂತೆ. ಅದನ್ನು ಹುಡುಕಿ ಸೇರಿಸುವ ಹೊತ್ತಿಗೆ ಮಗನಿಗೆ ಎಂಜಿನ್ನಿನ ಒಳಗೆಲ್ಲ ಓಡಾಡಿ ರೂಢಿಯಾಗಿತ್ತು.

ಆಮೇಲೆ ಅವನ ಕೈ ಸುಮ್ಮನಿರಲಿಲ್ಲ. ಹಾರ್ನ್ ಕರ್ಕಶವಾಗಿದೆ ಎಂದು ಪಕ್ಕದ ಮನೆಯವರು ಹೇಳಿದರು, ತಗ್ಗಿಸಿದ. ಹಳದಿ ಬಣ್ಣ ಕಣ್ಣಿಗೆ ಹೊಡೆಯುತ್ತದೆ ಎಂದು ಸೊಸೆ ಹೇಳಿದಳು, ಕಂದು ಬಳಿದ. ಸೊಸೆ ಕುಳ್ಳಿ ಎಂದು ಯಾರೂ ಹೇಳಿರಲಿಲ್ಲ. ಆದರೂ ಆಟದೊಳಗಿನ ಚಾಲಕಿಯ ಕಣ್ಣನ್ನು ಗೇಣಷ್ಟು ಮೇಲಕ್ಕೆತ್ತಿ, ಕಿಟಕಿಯಿಂದ ಹಳಿ ಚೆನ್ನಾಗಿ ಕಾಣುವ ಹಾಗೆ ಮಾಡಿದ. ಇಷ್ಟಕ್ಕೆ ನಿಲ್ಲಿಸಿದ್ದರೆ ತೊಂದರೆಯಿರಲಿಲ್ಲ.

ಅವಳ ರೈಲು ಪ್ರತಿ ಸಂಜೆ ಫಲಕ ದಾಟುತ್ತಿತ್ತು. ದಾಟಿದ ದಿನ ಅವಳು ಊಟ ಬಿಡುತ್ತಿದ್ದಳು. ಅವಳು ಸ್ನಾನಕ್ಕೆ ಹೋದಾಗ ಮಗ ಮೆಲ್ಲಗೆ ಕಂಪ್ಯೂಟರಿನ ಮುಂದೆ ಕೂರುತ್ತಿದ್ದ. ನಾನು ಪಕ್ಕದಲ್ಲೇ ಅಂಗಡಿಯ ಅಂಗಿಗಳಿಗೆ ಗುಂಡಿ ಹಾಕುತ್ತಿರುತ್ತಿದ್ದೆ. ಏನೋ ಅದು ಎಂದು ಕೇಳಿದರೆ, ಬ್ರೇಕು ಬಿಗಿ ಮಾಡ್ತಿದೀನಮ್ಮ, ಒಂದು ನೂಲಿನಷ್ಟು, ಎಂದ. ಆಟದ ಬ್ರೇಕು ಬಿಗಿಯಾದರೆ ಯಾರ ಗಂಟೇನು ಹೋಗುತ್ತದೆ ಎಂದು ನಾನೂ ಸುಮ್ಮನಾದೆ.

ದಿನಕ್ಕೊಂದು ನೂಲು. ಸೊಸೆಯ ರೈಲು ಫಲಕಕ್ಕೆ ಮೂಗು ತಾಗಿಸುವ ಹಾಗೆ ಬಂದು ನಿಲ್ಲತೊಡಗಿತು. ಅವಳು ಎರಡೆರಡು ಸಲ ಬಡಿಸಿಕೊಂಡು ಉಂಡಳು. ಮನೆಯಲ್ಲಿ ನೆಮ್ಮದಿ ನೆಲೆಸಿತು.

ಮೊದಲ ಪರೀಕ್ಷೆಯಲ್ಲಿ ಅವಳ ರೈಲು ಫಲಕ ದಾಟಿ, ಯಾರ್ಡಿನ ಶೌಚಾಲಯ ದಾಟಿ, ತರಬೇತಿಯ ಮೇಷ್ಟ್ರು ಛತ್ರಿ ಹಿಡಿದು ನಿಂತಿದ್ದ ಜಾಗವನ್ನೂ ದಾಟಿ ನಿಂತಿತು. ಮೇಷ್ಟ್ರು ಬೈಯಲಿಲ್ಲವಂತೆ. ನೀನು ಓಡಿಸ್ತಿದ್ದದ್ದು ಯಾವ ರೈಲಮ್ಮ ಎಂದು ಮಾತ್ರ ಕೇಳಿದರಂತೆ.

ಮನೆಗೆ ಬಂದವಳು ತನ್ನ ಕೈಗಳನ್ನೇ ತಿರುಗಿಸಿ ನೋಡುತ್ತಾ ಕೂತಳು. ಮನೆಯಲ್ಲಿ ನಿಲ್ಲುವ ರೈಲು ಅಲ್ಲಿ ನಿಲ್ಲದಿದ್ದರೆ ಅದು ತನ್ನ ಹೆದರಿಕೆಯೇ ಇರಬೇಕು ಎಂದಳು. ಮಗ, ಹೌದು, ಹೆದರಿಕೆಯೇ ಎಂದ. ಅವಳಿಗೆ ಧೈರ್ಯ ಬರಲಿ ಎಂದು ಆವತ್ತೂ ಒಂದು ನೂಲು ಬಿಗಿ ಮಾಡಲು ಹೋಗಿ, ಅವಸರದಲ್ಲಿ ಸೊನ್ನೆಯೊಂದನ್ನು ಹೆಚ್ಚಿಗೆ ಒತ್ತಿದ.

ಸೊಸೆ ಬಂದು ಕೂತು, ಫಲಕ ಕಾಣಿಸಿದಾಗ ಬ್ರೇಕು ಒತ್ತಿದಳು. ಎಂಜಿನ್ ಗೋಡೆಗೆ ಹೊಡೆದ ಹಾಗೆ ನಿಂತಿತು. ಹಿಂದಿನ ವ್ಯಾಗನ್ನುಗಳಿಗೆ ಆ ಸುದ್ದಿ ಮುಟ್ಟಿರಲಿಲ್ಲ. ಅವು ಒಂದರ ಬೆನ್ನ ಮೇಲೊಂದು ಹತ್ತಿ, ಎಂಜಿನ್ನನ್ನು ದಾಟಿ, ಆಕಾಶದಲ್ಲಿ ಸಾಲಾಗಿ ನಿಂತವು. ಅವನ್ನು ಕೆಳಗೆ ಬೀಳಿಸುವುದನ್ನು ಆಟ ಮರೆತಿತ್ತು. ನಾವು ಮೂವರೂ ಸ್ವಲ್ಪ ಹೊತ್ತು ನೋಡಿದೆವು.

“ಅತ್ತೆ,” ಎಂದಳು ಸೊಸೆ, ಅಲ್ಲಿಂದ ಕಣ್ಣು ತೆಗೆಯದೆ. “ಇದಕ್ಕೆ ಯಾರಾದ್ರೂ ಕೈ ಹಾಕಿದ್ರಾ?”

ಮಗ ನನ್ನ ಮುಖ ನೋಡಿದ. ಹೆತ್ತವಳು ಏನಾದರೂ ಹೇಳಿ ಪಾರು ಮಾಡಿಯಾಳು ಎಂಬ ಆಸೆ.

“ನಿನ್ನ ಗಂಡ,” ಎಂದೆ. “ದಿನಾ ಹಾಕ್ತಿದ್ದ.”

“ನೀನು ಊಟ ಬಿಡ್ತಿದ್ದೆ,” ಎಂದ ಅವನು.

“ನಾನೇನು ನಿಮ್ಮ ಅಂಗಡಿಗೆ ಬಂದಿರೋ ಪ್ಯಾಂಟಾ? ಅಲ್ಲಿ ನನ್ನ ಬೆನ್ನಿಗೆ ಬರೋದು ನಿಜವಾದ ಕಬ್ಬಿಣ ಕಣ್ರೀ. ಅದರ ಹೊಲಿಗೆ ಯಾರು ಬಿಚ್ತಾರೆ?”

ಹಳೆಯ ಅಳತೆಗೇ ತರುತ್ತೇನೆ ಎಂದ. ಹಳೆಯ ಅಳತೆ ನೆನಪಿರಲಿಲ್ಲ. ಬಟ್ಟೆಯಾಗಿದ್ದರೆ ಬಿಚ್ಚಿದ ಹೊಲಿಗೆಯ ಗುರುತಾದರೂ ಉಳಿಯುತ್ತದೆ, ಇದರಲ್ಲಿ ಅದೂ ಇಲ್ಲ. ಕೊನೆಗೆ ಎಂಜಿನ್ನನ್ನೇ ಅಳಿಸಿ, ಆ ಪುಣ್ಯಾತ್ಮರದ್ದನ್ನು ಮತ್ತೆ ಇಳಿಸಿಕೊಂಡರು. ಅದೇ ಹಳದಿ, ಅದೇ ಹಾರ್ನ್, ಅದೇ ಎತ್ತರದ ಕಿಟಕಿ. ಯಾವುದನ್ನೂ ಮುಟ್ಟಕೂಡದು ಎಂದು ಹೇಳಿ, ಸೊಸೆ ಕುರ್ಚಿಯ ಮೇಲೆ ದಿಂಬು ಹಾಕಿಕೊಂಡು ಕೂತಳು. ದಿಂಬಿನಿಂದ ಆಟದೊಳಗಿನ ಕಿಟಕಿಗೆ ಏನೂ ಆಗುವುದಿಲ್ಲ. ಅದನ್ನು ಹೇಳುವ ಧೈರ್ಯ ಯಾರಿಗೂ ಬರಲಿಲ್ಲ.

ರೈಲು ಫಲಕ ದಾಟಿ ಮುಂದಿನ ಸ್ಟೇಷನ್ನಿನವರೆಗೂ ಹೋಯಿತು. ಮರುದಿನವೂ ಹೋಯಿತು. ಮಗ ನೋಡಲಾಗದೆ ಅಂಗಡಿಯಲ್ಲೇ ಉಳಿದು, ಯಾರೂ ಕೇಳದ ಪರದೆಗಳನ್ನು ಹೊಲಿದ. ಈ ಸಲ ಅವಳು ಊಟ ಬಿಡಲಿಲ್ಲ, ಕೋಪ ಬಂದರೆ ಅವಳಿಗೆ ಹಸಿವು ಜಾಸ್ತಿ. ಒಂದು ಸಂಜೆ ಫಲಕ ಕಣ್ಣಿಗೆ ಬೀಳುವ ಮೊದಲೇ, ಸೇತುವೆಯ ಮೇಲಿರುವಾಗಲೇ ಬ್ರೇಕು ಒತ್ತಿದಳು. ಇಷ್ಟು ಬೇಗ ಯಾಕೆ ಎಂದೆ. ಹಿಂದಿನ ವ್ಯಾಗನ್ನಿಗೆ ಗೊತ್ತಾಗೋಕೆ ಹೊತ್ತು ಬೇಕಲ್ಲ ಅತ್ತೆ, ಎಂದಳು. ಆವತ್ತು ರೈಲು ಫಲಕಕ್ಕಿಂತ ಬಹಳ ಹಿಂದೆಯೇ ನಿಂತುಬಿಟ್ಟಿತು. ದಿನ ಕಳೆದ ಹಾಗೆ ಹತ್ತಿರ ಹತ್ತಿರ ಬಂತು.

ಎರಡನೆಯ ಪರೀಕ್ಷೆಯ ದಿನ ಮಗ ಅಂಗಡಿ ತೆರೆಯಲಿಲ್ಲ. ಸಂಜೆ ಅವಳು ಬಂದು ಚಪ್ಪಲಿ ಬಿಟ್ಟು, ನೀರು ಕುಡಿದು, ಲೋಟ ತೊಳೆದಿಟ್ಟಳು. ಆಮೇಲೆ ಹೇಳಿದಳು. ಫಲಕಕ್ಕೆ ಅರ್ಧ ವ್ಯಾಗನ್ನಿನಷ್ಟು ಮೊದಲೇ ನಿಂತಿತಂತೆ. ಮೊದಲು ನಿಂತರೆ ತಪ್ಪಿಲ್ಲವಂತೆ. ಸೋಮವಾರದಿಂದ ಕೆಲಸವಂತೆ.

ಅವಳು ಆಟ ಹಾಕಿ, ಕುರ್ಚಿ ಎಳೆದು, ಕೂತ್ಕೊಳ್ಳಿ ಎಂದು ಗಂಡನಿಗೆ ಹೇಳಿದಳು. ಅವನು ಕೂತು ರೈಲು ಹೊರಡಿಸಿದ. ಸೇತುವೆ ಬಂತು, ಹೋಯಿತು. ಫಲಕ ಕಂಡ ಮೇಲೆ ಬ್ರೇಕು ಒತ್ತಿದ. ಫಲಕವೂ ಹೋಯಿತು.

“ಎಲ್ಲಿ ಒತ್ತಬೇಕಿತ್ತು?” ಎಂದು ಕೇಳಿದ.

ಅವಳು ಹಿಂದೆ ನಿಂತು ಟವೆಲಿನಿಂದ ಕೈ ಒರೆಸಿಕೊಳ್ಳುತ್ತಿದ್ದಳು.

“ಹೇಳಲ್ಲ,” ಎಂದಳು. “ಇನ್ನೊಂದು ಸಲ ಹೊರಡ್ಸಿ.”