ಕುಗ್ಗು ಸ್ಕೇಲು

ಎರಕಶಾಲೆಯ ಜಾಗ ತನಗೆ ಬೇಕೆಂದಿದ್ದ ಗೋದಾಮಿನವನು ಬಂದು ಅಂಗಳವನ್ನು ಅಳೆದುಕೊಂಡು ಹೋದ ದಿನವೇ ಕಂಚು ಎರೆಯುವುದೆಂದು ನಿಗದಿಯಾಗಿತ್ತು. ಆತ ಸಭ್ಯ ಮನುಷ್ಯ. “ತಿಂಗಳ ಕೊನೆಯೊಳಗೆ ಒಂದು ಮಾತು ಹೇಳಿಬಿಡಿ, ನನಗೇನೂ ಅವಸರ ಇಲ್ಲ” ಎಂದು ಅವಸರದಲ್ಲೇ ಹೇಳಿ, ಟೇಪನ್ನು ಸರ್ರನೆ ಡಬ್ಬಿಯೊಳಗೆ ಎಳೆದುಕೊಂಡು ಹೊರಟ. ಎರಕಶಾಲೆಯ ಯಜಮಾನರೂ ಅಲ್ಲಿ ಮರದ ಮಾದರಿಗಳನ್ನು ಕೆತ್ತುವವರೂ ಆದ ಮುದುಕರು, ಎಲ್ಲರ ಬಾಯಲ್ಲಿ ಮೇಸ್ತ್ರಿ, ಆತನ ಬೆನ್ನು ಗೇಟು ದಾಟುವವರೆಗೂ ನೋಡುತ್ತ ನಿಂತರು.

“ಸರಿಯಾಗಿ ಅಳೆದ್ನಾ?” ಎಂದ ಕುಲುಮೆಯವನು. ಅವನ ಏದುಸಿರಿಗೆ ಎಂದೋ ಉಗಿಬಂಡಿ ಎಂಬ ಹೆಸರು ಬಿದ್ದು, ನಿಜವಾದ ಹೆಸರು ಅವನಿಗೇ ಮರೆತಂತಾಗಿತ್ತು.

“ಅಳೆದ. ನಮ್ಮಿಬ್ಬರನ್ನ ಬಿಟ್ಟು ಮಿಕ್ಕಿದ್ದೆಲ್ಲ ಅಳೆದ.”

ಕೆಲಸ ಒಂದೊಂದಾಗಿ ಕೈಬಿಟ್ಟುಹೋಗಿತ್ತು. ಒಂದು ಕಾಲಕ್ಕೆ ಮೂರು ಕುಲುಮೆಗಳು ಉರಿಯುತ್ತಿದ್ದ ಜಾಗದಲ್ಲಿ ಈಗ ಒಂದು. ಅದೂ ಉರಿಯುವ ದಿನಗಳಿಗಿಂತ ನೆನಪಿಸಿಕೊಳ್ಳುವ ದಿನಗಳೇ ಹೆಚ್ಚು. ಮಾಡಿನ ಗಾಜಿನಿಂದ ಇಳಿಯುವ ಬಿಸಿಲು ಮಸಿಯನ್ನು ಹಾದು ಮರಳಿನ ನೆಲವನ್ನು ಮುಟ್ಟುವ ಹೊತ್ತಿಗೆ ದಣಿದಿರುತ್ತಿತ್ತು. ಉಳಿದಿದ್ದ ಆಸೆ ಒಂದೇ: ಸರ್ಕಾರದ ಸಂಶೋಧನಾ ಯೋಜನೆ.

ಯೋಜನೆ ಹುಟ್ಟಿದ್ದು ಒಂದು ಮುಜುಗರದಿಂದ. ಯುದ್ಧನೌಕೆಗಳಲ್ಲಿ ಕಡಲ ನೀರನ್ನೆಳೆಯುವ ಪಂಪಿಗೆ ಕಂಚಿನ ಕವಚವೊಂದು ಬೇಕು. ಅದನ್ನು ಎರೆಯುತ್ತಿದ್ದ ಎರಕಶಾಲೆಗಳು ಒಂದರ ಹಿಂದೊಂದು ಬಾಗಿಲು ಹಾಕಿದ್ದವು. ಈಗ ಕವಚ ಹೊರದೇಶದಿಂದ ಬರಬೇಕು, ಬರುವುದಕ್ಕೆ ವರ್ಷವೇ ಹಿಡಿಯುತ್ತದೆ. ಅಷ್ಟು ದಿನವೂ ಹಡಗು, ಹೊಸ ಬಟ್ಟೆ ತೊಟ್ಟು ಚಪ್ಪಲಿ ಸಿಗದೆ ಹೊಸ್ತಿಲಲ್ಲಿ ನಿಂತವನಂತೆ, ದಡದಲ್ಲೇ ನಿಂತಿರುತ್ತದೆ. ನಾಡಿನ ಸಣ್ಣ ಎರಕಶಾಲೆಗಳೇ ಒಳಗೆ ಒಂದು ಟೊಳ್ಳೂ ಇಲ್ಲದ ಹಾಗೆ ಈ ಕವಚವನ್ನು ಎರೆಯಬಲ್ಲವೇ? ಇದನ್ನು ಕಂಡುಕೊಳ್ಳಲು ರಕ್ಷಣಾ ಇಲಾಖೆ ನೆರವು ಕೊಟ್ಟಿತ್ತು. ಮೊದಲ ಹಂತಕ್ಕೆ ಒಂದೇ ಕವಚ. ಅದು ಇಲಾಖೆಯ ಮನಸ್ಸಿಗೆ ಬಂದರೆ ಎರಡನೆಯ ಹಂತ, ಅದರೊಂದಿಗೆ ಹೊಸ ಉಪಕರಣ, ಕೆಲವು ವರ್ಷಗಳ ಕೆಲಸ. ಬಾರದಿದ್ದರೆ ಗೋದಾಮು.

ಯೋಜನೆಯನ್ನು ಬರೆದವಳು ಮೇಸ್ತ್ರಿಯ ಅಕ್ಕನ ಮಗಳು. ಚಿಕ್ಕವಳಿದ್ದಾಗ ಕುಲುಮೆಯ ಕಿಡಿಯೊಂದು ಹಾರಿ ಅವಳ ಲಂಗದ ಅಂಚನ್ನು ಸುಟ್ಟಿತ್ತು. ಅವಳು ಅಳದೆ, ಆ ತೂತಿನಲ್ಲಿ ಬೆರಳು ತೂರಿಸಿ ಎಲ್ಲರಿಗೂ ತೋರಿಸಿಕೊಂಡು ಬಂದಿದ್ದಳು. ಅಂದಿನಿಂದ ಅವಳು ಕಿಡಿ. ಈಗ ಲೋಹಗಳ ಸಂಶೋಧನಾ ಸಂಸ್ಥೆಯಲ್ಲಿ ಅವಳಿಗೆ ಸ್ವಂತ ಕೋಣೆಯಿದೆ, ಬಾಗಿಲಿಗೆ ಹಿತ್ತಾಳೆಯ ಫಲಕವಿದೆ. ಇಲ್ಲಿ ಮಾತ್ರ ಅವಳು ಕಿಡಿಯೇ.

ಕರಗಿದ ಕಂಚು ತಣಿಯುತ್ತ ಕುಗ್ಗುತ್ತದೆ. ಕುಗ್ಗುವಾಗ ದಪ್ಪನೆಯ ಕಡೆಗಳಲ್ಲಿ ಟೊಳ್ಳು ಬೀಳುತ್ತದೆ. ಆ ಟೊಳ್ಳನ್ನು ತುಂಬಲೆಂದು ಅಚ್ಚಿನ ಮೇಲೆ ಅಲ್ಲಲ್ಲಿ ಹೆಚ್ಚುವರಿ ಲೋಹದ ಬಾಯಿಗಳನ್ನು ಬಿಡುತ್ತಾರೆ, ಹಸಿದ ಜಾಗಕ್ಕೆ ಉಣಿಸುವುದಕ್ಕೆ. ಈ ಬಾಯಿಗಳು ಎಲ್ಲಿರಬೇಕೆಂಬುದೇ ಕಿಡಿಯ ಸಂಶೋಧನೆ. ಕವಚದ ಯಾವ ಭಾಗ ಕೊನೆಗೆ ತಣಿಯುತ್ತದೆಂದು ಅವಳು ಕಂಪ್ಯೂಟರಿನಲ್ಲಿ ಬಣ್ಣಬಣ್ಣವಾಗಿ ತೋರಿಸಿದ್ದಳು. ಮೇಸ್ತ್ರಿ ಒಂದು ವಾರ ವಾದ ಮಾಡಿ, ಹೊಟ್ಟೆಯ ಭಾಗದಲ್ಲಿ ಒಂದು ಬಾಯಿ ಬೇಕೆಂದು ಒಪ್ಪಿ, ಕುತ್ತಿಗೆಯಲ್ಲಿ ಇನ್ನೊಂದು ಬೇಕೆಂದು ಅವಳನ್ನು ಒಪ್ಪಿಸಿದ್ದರು.

ಅಚ್ಚಿನ ಅಳತೆಯದೂ ಇದೇ ಕಥೆ. ತಣಿದ ಮೇಲೆ ವಸ್ತು ಚಿಕ್ಕದಾಗುವುದರಿಂದ, ಮರಳಿನಲ್ಲಿ ಒತ್ತಿ ಅಚ್ಚು ತೆಗೆಯುವ ಮರದ ಮಾದರಿಯನ್ನು ಅಷ್ಟೇ ದೊಡ್ಡದಾಗಿ ಕೆತ್ತಬೇಕು. ಅದಕ್ಕೆಂದೇ ಮೇಸ್ತ್ರಿಯ ಬಳಿ ಒಂದು ಅಳತೆಪಟ್ಟಿಯಿತ್ತು, ಅವರ ಅಪ್ಪ ಬಳಸಿದ್ದು. ಅದರ ಸೆಂಟಿಮೀಟರು ಲೋಕದ ಸೆಂಟಿಮೀಟರಿಗಿಂತ ಒಂದು ಕೂದಲೆಳೆ ಉದ್ದ. ಕುಗ್ಗು ಸ್ಕೇಲು ಎಂದು ಅದರ ಹೆಸರು. ಅದನ್ನು ಹಿಡಿದು ಕೆತ್ತಿದರೆ ಕುಗ್ಗನ್ನು ಬೇರೆ ಲೆಕ್ಕ ಹಾಕಿ ಸೇರಿಸುವ ಗೋಜಿಲ್ಲ.

ಆ ಎರಕಶಾಲೆಯಲ್ಲಿ ಒಂದು ರೂಢಿಯಿತ್ತು. “ಕುಗ್ಗು ಸೇರಿಸಿದ್ದೀಯಾ?” ಎಂದು ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಅಡಿಗೆಯವನನ್ನು ಉಪ್ಪು ಹಾಕಿದೆಯಾ ಎಂದು ಕೇಳಿದಷ್ಟು ದೊಡ್ಡ ಅವಮಾನ ಅದು. ಕಿಡಿಯೂ ಆ ಮರಳಿನಲ್ಲಿ ಆಡಿ ಬೆಳೆದವಳು. ರೂಢಿ ಅವಳಿಗೂ ಮೈಗೂಡಿತ್ತು. ನಕ್ಷೆ ತಂದುಕೊಟ್ಟ ದಿನ ಅವಳು ಅದರ ಜೊತೆಗೆ ಒಂದು ಹೊಸ ಉಕ್ಕಿನ ಸ್ಕೇಲನ್ನೂ ತಂದಿದ್ದಳು, ದಪ್ಪ ಕಪ್ಪು ಅಂಕಿಗಳದು.

“ಇದು ನಿಮಗೆ, ಮಾವ. ಗೆರೆ ಚೆನ್ನಾಗಿ ಕಾಣುತ್ತೆ.”

ಮೇಸ್ತ್ರಿ ಅದನ್ನು ಬಟ್ಟೆಯಿಂದ ಒರೆಸಿ, ಬೆಳಕಿಗೆ ಹಿಡಿದು, ಮೆಚ್ಚಿ, ಗೋಡೆಯ ಮೊಳೆಗೆ ತೂಗುಹಾಕಿದರು.

ಎರೆಯುವ ಹೊತ್ತಿಗೆ ಅಲ್ಲಿ ಮಾತಿಲ್ಲ. ಉಗಿಬಂಡಿಯ ಉಸಿರೊಂದೇ ಸದ್ದು. ಕಂಚು ಅಚ್ಚಿನೊಳಗೆ ಇಳಿಯಿತು. ಸಂಜೆಯೊಂದು ತನ್ನನ್ನೇ ಬಗ್ಗಿಸಿ ಸುರಿದುಕೊಂಡಂತೆ. ಬಾಯಿಗಳು ಒಂದೊಂದಾಗಿ ತುಂಬಿ ಮಿನುಗಿ, ಕೆಂಪಾಗಿ, ಬೂದಿಬಣ್ಣಕ್ಕೆ ತಿರುಗಿದವು.

ತಣಿದ ಮೇಲೆ ಅಚ್ಚು ಒಡೆದರು. ಮರಳು ಉದುರಿಸಿ, ಬಾಯಿಗಳನ್ನು ಕತ್ತರಿಸಿ, ಉಜ್ಜಿ, ಕವಚವನ್ನು ಮೇಜಿನ ಮೇಲಿಟ್ಟರು. ಹಡಗುಕಟ್ಟೆಯವರು ಕಳಿಸಿದ್ದ ಉಕ್ಕಿನ ಮುಚ್ಚಳವನ್ನು ಕಿಡಿ ಅದರ ಮೇಲೆ ಕೂರಿಸಿದಳು. ಕೂರಲಿಲ್ಲ. ತಿರುಗಿಸಿ ಕೂರಿಸಿದಳು. ಮುಚ್ಚಳದ ತೂತೊಂದೂ ಕವಚದ ಗುರುತಿನ ಮೇಲೆ ಬರಲಿಲ್ಲ. ಮಗುವಿನ ಟೋಪಿಯನ್ನು ಅಪ್ಪನ ತಲೆಯ ಮೇಲಿಟ್ಟಂತಿತ್ತು.

ಮೇಸ್ತ್ರಿ ಗೋಡೆಯ ಹೊಸ ಸ್ಕೇಲನ್ನು ತೆಗೆದು ಅಳೆದರು. ಕಣ್ಣು ಕಿರಿದು ಮಾಡಿ ಇನ್ನೊಮ್ಮೆ ಅಳೆದರು.

“ನಂದೇ ತಪ್ಪು” ಎಂದರು ಇಬ್ಬರೂ ಒಟ್ಟಿಗೆ.

“ನಿಂದು ಹೇಗಾಗುತ್ತೆ? ಕೆತ್ತಿದ್ದು ನಾನು.”

“ನಕ್ಷೆ ನಂದಲ್ವಾ ಮಾವ? ಕುಗ್ಗು ಅದರಲ್ಲೇ ಸೇರಿಸಿ ಕೊಟ್ಟಿದ್ದೆ.”

“ಸೇರಿಸಿದ್ಯಾ!” ಮೇಸ್ತ್ರಿ ಸ್ಟೂಲಿನ ಮೇಲೆ ಕುಸಿದರು. “ನಾನು ಕುಗ್ಗು ಸ್ಕೇಲು ಹಿಡಿದೇ ಕೆತ್ತಿದೆನಲ್ಲೇ!”

“ಹೊಸ ಸ್ಕೇಲು ಕೊಟ್ಟಿದ್ದು ಯಾಕೆ ಮತ್ತೆ? ಗೋಡೆಗೆ ಒಡವೆ ಅಂತಲಾ?”

“ಪ್ರೀತಿಗೆ ಕೊಟ್ಟಿದ್ದೀಯ ಅಂದ್ಕೊಂಡೆ. ಕೆಲಸಕ್ಕೆ ಅಂತ ಹೇಳಿದ್ಯಾ?”

ಕಿಡಿ ತಲೆ ತಗ್ಗಿಸಿದಳು. “ನೀವು ಹಳೇ ಸ್ಕೇಲನ್ನ ಕಿಟಕಿಗೆ ಹಿಡಿದು ಗೆರೆ ಹುಡುಕ್ತಿದ್ರಿ. ಬಾಗಿಲಲ್ಲಿ ನಿಂತು ನೋಡಿದೆ. ಅದಕ್ಕೇ ನಿಮಗೆ ಆ ತಾಪತ್ರಯ ಬೇಡ ಅಂತ ನಕ್ಷೆಯಲ್ಲೇ ಸೇರಿಸಿದೆ. ಬಾಯಿಬಿಟ್ಟು ಹೇಳಿದ್ರೆ ನೊಂದ್ಕೋತೀರಿ ಅಂತ...”

“ನನ್ನ ಕಣ್ಣಿಗೇನಾಗಿದೆ?”

“ಕೇಳಿ, ಇನ್ನೊಂದ್ಸಲ ಕೇಳಿ” ಎಂಬ ಧ್ವನಿ ಬಾಗಿಲಿನಿಂದ ಬಂತು. ಚಹಾದ ಕೆಟಲ್ ಹಿಡಿದ ಮೇಸ್ತ್ರಿಯ ಹೆಂಡತಿ. “ನಿನ್ನೆ ನನ್ನ ಕನ್ನಡಕ ಹಾಕ್ಕೊಂಡು ಪೇಪರ್ ಓದ್ತಿದ್ದವರು ಯಾರು? ಅದೂ ಉಲ್ಟಾ ಕಡ್ಡಿ ಸಿಕ್ಕಿಸ್ಕೊಂಡು.”

ಉಗಿಬಂಡಿ ನಗು ತಡೆಯಲಾರದೆ ಕೆಮ್ಮಿದ.

“ನೀವು ಯಾಕೆ ಕೇಳಲಿಲ್ಲ, ಮಾವ? ನಕ್ಷೆಯಲ್ಲಿ ಕುಗ್ಗು ಇದೆಯಾ ಅಂತ ಒಂದು ಮಾತು.”

ಮೇಸ್ತ್ರಿ ಮರಳಿನ ಮೇಲೆ ಕಾಲಿನ ತುದಿಯಿಂದ ಗೆರೆ ಎಳೆಯುತ್ತ ಕೂತರು. “ಕಂಪ್ಯೂಟರಿನವರು ಕುಗ್ಗು ಮರೀತಾರೆ ಅಂತ ಅವರಿವರು ಹೇಳಿದ್ದು ಕೇಳಿದ್ದೆ. ಕೇಳಿ, ನೀನು ಇಲ್ಲ ಅಂದುಬಿಟ್ರೆ? ನಿನ್ನ ಸಂಸ್ಥೆಯವರ ಮುಂದೆ ಮುಖ ಸಣ್ಣದಾಗೋದು ಬೇಡ ಅಂತ ಸುಮ್ನೆ ನಾನೇ ಸೇರಿಸಿಬಿಟ್ಟೆ.”

“ನಾನು ಮರೀತೀನಾ? ನಾನು?” ಈಗ ಕಿಡಿಗೆ ನಿಜವಾಗಿ ಸಿಟ್ಟು ಬಂತು. “ಈ ಮರಳು ತಿಂದು ಬೆಳೆದಿದ್ದೀನಿ!”

“ತಿಂದದ್ದು ಹೌದು. ನಾನೇ ಬಾಯಿ ತೊಳೆಸಿದ್ದೀನಿ” ಎಂದರು ಅತ್ತೆ ಲೋಟಗಳನ್ನು ಜೋಡಿಸುತ್ತ. “ಒಬ್ಬರ ಮರ್ಯಾದೆ ಒಬ್ಬರು ಕಾಯೋಕೆ ಹೋಗಿ ಬೆರಳಗಲ ಹೆಚ್ಚು ಮಾಡಿಟ್ಟಿದ್ದೀರಿ. ಈಗ ಕುಡೀರಿ.”

ಕುಡಿದರು. ಹೊರಗೆ ಲಾರಿಯೊಂದು ಹಿಂದಕ್ಕೆ ಸರಿಯುತ್ತ ಚೀರುತ್ತಿತ್ತು. ಇಲಾಖೆಯ ಅಧಿಕಾರಿ ಬರುವುದು ಮರುದಿನ. ಇನ್ನೊಂದು ಕವಚ ಎರೆಯಲು ಸಮಯವಿರಲಿಲ್ಲ.

“ಮುಚ್ಚಳ ನಮಗೆ ತಲುಪೇ ಇಲ್ಲ ಅಂದ್ಬಿಡೋಣ” ಎಂದ ಉಗಿಬಂಡಿ. “ನೋಡೋಕಂತೂ ರಾಜನ ಥರ ಇದೆ.”

“ಬೇಡಪ್ಪ” ಎಂದರು ಮೇಸ್ತ್ರಿ. “ಇದು ಹಡಗಿನ ಹೊಟ್ಟೆಯೊಳಗೆ ಕೂರೋ ಸಾಮಾನು. ಅಲ್ಲಿರೋ ಹುಡುಗರಿಗೆ ಗೊತ್ತಾಗುತ್ತೆ, ನಾವು ಇಲ್ಲಿ ಏನು ಮುಚ್ಚಿಟ್ವಿ ಅಂತ.”

ಕಿಡಿ ಕವಚದ ಮೇಲೆ ಅಂಗೈಯಿಟ್ಟು ನಿಂತಿದ್ದಳು, ಜ್ವರದ ಹಣೆ ಮುಟ್ಟಿ ನೋಡುವವಳಂತೆ. “ಮಾವ, ಇಲಾಖೆ ಕೇಳಿರೋದು ಒಳಗೆ ಟೊಳ್ಳಿದೆಯಾ ಅಂತ. ಇದು ಸರಿಯಾದ ಅಳತೆಗೆ ಬಂದಿದ್ರೆ ಕುಯ್ಯೋಕೆ ಯಾರೂ ಬಿಡ್ತಿರಲಿಲ್ಲ. ಹೊರಗಿಂದ ಅಲ್ಲಿಷ್ಟು ಇಲ್ಲಿಷ್ಟು ನೋಡಿ ಊಹೆ ಮಾಡ್ಬೇಕಿತ್ತು. ಈಗ ಇದು ಯಾವ ಹಡಗಿಗೂ ಬೇಡ. ಅವರ ಎದುರಿಗೇ ಕುಯ್ದುಬಿಡೋಣ.”

“ಒಳಗೆ ಟೊಳ್ಳಿದ್ರೆ?”

“ಗೋದಾಮಿನವನಿಗೆ ಫೋನ್ ಮಾಡಿ.”

ಮೇಸ್ತ್ರಿ ಅವಳ ಮುಖವನ್ನು ನೋಡಿದರು. ಲಂಗದ ತೂತಿನಲ್ಲಿ ಬೆರಳು ತೂರಿಸಿ ನಿಂತಿದ್ದವಳ ಮುಖವೇ ಅದು. “ಗರಗಸಕ್ಕೆ ಹೊಸ ಪಟ್ಟಿ ಹಾಕು” ಎಂದರು ಉಗಿಬಂಡಿಗೆ.

ಬಂದ ಅಧಿಕಾರಿ ಮಿತಭಾಷಿ. ಕನ್ನಡಕವನ್ನು ಹಣೆಯ ಮೇಲಕ್ಕೆ ತಳ್ಳಿಕೊಂಡು ಎಲ್ಲವನ್ನೂ ಕೇಳಿಸಿಕೊಂಡರು. ಮುಚ್ಚಳವನ್ನು ತಾವೇ ಎತ್ತಿ ಕೂರಿಸಿ ನೋಡಿದರು.

“ಅಂದ್ರೆ ಇಬ್ಬರೂ ಕುಗ್ಗು ಸೇರಿಸಿದ್ದೀರಿ.”

“ಹೌದು ಸರ್” ಎಂದಳು ಕಿಡಿ.

“ಇಬ್ಬರೂ ಸರಿಯಾಗೇ ಸೇರಿಸಿದ್ದೀರಿ.”

“ಅದೇ ಕಷ್ಟ, ಸರ್.”

ಅಧಿಕಾರಿಯ ತುಟಿಯ ಅಂಚು ಸ್ವಲ್ಪ ಅಲುಗಿತು. “ನಮ್ಮ ಕಚೇರಿಯಲ್ಲಿ ಇಬ್ಬರೂ ಸೇರಿಸೋದನ್ನ ಮರೀತಾರೆ. ಕುಯ್ಯಿರಿ.”

ಗರಗಸ ಕಂಚಿನೊಳಗೆ ಇಳಿಯುತ್ತ ಮೊದಲು ಕಿರುಚಿತು, ಆಮೇಲೆ ಗುನುಗತೊಡಗಿತು. ಚಿನ್ನದ ಹಿಟ್ಟಿನಂಥ ಪುಡಿ ನೆಲಕ್ಕೆ ಸುರಿಯಿತು. ಕೊನೆಗೆ ಕವಚ ಎರಡು ಹೋಳಾಗಿ, ಒಳಮುಖಗಳನ್ನು ಮೇಲಕ್ಕೆ ಮಾಡಿ ಮಲಗಿತು. ಬರಿಗಣ್ಣಿಗೆ ಕಾಣದ ಬಿರುಕೂ ಇರಬಹುದು. ಕಿಡಿ ಕುಯ್ದ ಮುಖಗಳಿಗೆ ಕೆಂಪು ದ್ರವ ಬಳಿದಳು. ಅದು ಹೀರಿಕೊಳ್ಳಲು ಬಿಟ್ಟು, ಒರೆಸಿ, ಮೇಲೆ ಬಿಳಿಯ ಪುಡಿ ಸಿಂಪಡಿಸಿದಳು. ಒಳಗೆ ಸೂಜಿಮೊನೆಯಷ್ಟು ಟೊಳ್ಳಿದ್ದರೂ ಅಲ್ಲಿ ಅಡಗಿದ ಕೆಂಪು ಬಿಳಿಯ ಮೇಲೆ ಮೂಡಿಬರುತ್ತದೆ. ಕಾಯಬೇಕು, ಅಷ್ಟೆ.

ಎಲ್ಲರೂ ಬಾಗಿ ನಿಂತರು. ಮೇಸ್ತ್ರಿಯೂ ಬಾಗಿದರು. ಅವರಿಗೆ ಕಂಡದ್ದು ಮಂಜು ಮಾತ್ರ. ಇಷ್ಟು ವರ್ಷ ಕಂಚನ್ನು ಅದರ ಮುಖ ನೋಡಿಯೇ ಓದಿದವರು. ಈಗ ಪುಟ ತೆರೆದಿದೆ, ಅಕ್ಷರವಿಲ್ಲ. ಅಧಿಕಾರಿಯ ಮುಂದೆ ತಲೆದೂಗಿ ಕಂಡಂತೆ ನಟಿಸಬಹುದಿತ್ತು. ಬಾಯಿಗೆ ಬಂದ ಹೂಂಗುಟ್ಟುವಿಕೆಯನ್ನು ನುಂಗಿಕೊಂಡರು.

“ಕಿಡಿ” ಎಂದರು, ಎಲ್ಲರಿಗೂ ಕೇಳುವ ಹಾಗೆ. “ನನಗೆ ಕಾಣಿಸ್ತಿಲ್ಲ. ಏನಿದೆ ಹೇಳು.”

ಕಿಡಿ ಅವರ ಕೈಹಿಡಿದು, ತೋರುಬೆರಳನ್ನು ಹೋಳಿನ ಅಂಚಿನುದ್ದಕ್ಕೂ ನಡೆಸಿಕೊಂಡು ಹೋದಳು.

“ಇಲ್ಲಿ ಬಿಳಿ, ಮಾವ. ಇಲ್ಲೂ ಬಿಳಿ. ಇದು ಹೊಟ್ಟೆ... ಪೂರ್ತಿ ಬಿಳಿ. ಇದು ಕುತ್ತಿಗೆ, ನೀವು ಹಟ ಹಿಡಿದು ಬಾಯಿ ಇಟ್ಟ ಜಾಗ. ಇಲ್ಲಿ ಮೇಲ್ತುದಿಯಲ್ಲಿ ಒಂದು ಚುಕ್ಕೆ ಕೆಂಪು.”

“ಎಷ್ಟು ದೊಡ್ಡದು?”

“ಸಾಸಿವೆಯಷ್ಟು. ಹೆಂಗೂ ಕಡೆದು ತೆಗೆಯೋ ಭಾಗ.”

“ಮತ್ತೆ?”

“ಮತ್ತೇನಿಲ್ಲ, ಮಾವ. ಎಲ್ಲಾ ಬಿಳಿ.”

ಅಧಿಕಾರಿ ಕನ್ನಡಕ ಇಳಿಸಿ, ಭೂತಗನ್ನಡಿ ಹಿಡಿದು, ಎರಡು ಹೋಳುಗಳನ್ನೂ ಅವಸರವಿಲ್ಲದೆ ನೋಡಿದರು. ಹೊಟ್ಟೆಯ ಭಾಗದಲ್ಲಿ ಹೆಚ್ಚು ಹೊತ್ತು ತಂಗಿದರು. “ಹೊರಗಿಂದ ತರಿಸಿದ್ದನ್ನ ಒಂದ್ಸಲ ಹೀಗೆ ಕುಯ್ದು ನೋಡಿದ್ವಿ” ಎಂದರು. “ಮೈತುಂಬ ದಡಾರ ಎದ್ದ ಹಾಗಿತ್ತು.” ಒಂದು ಹೋಳನ್ನು ಕಾರಿಗೆ ಹಾಕಿಸಿಕೊಂಡರು. “ತೀರ್ಮಾನ ನನ್ನೊಬ್ಬನದಲ್ಲ. ಆದ್ರೆ ಇದನ್ನ ಮೇಜಿನ ಮೇಲಿಟ್ಟು ಮಾತಾಡ್ತೀನಿ.” ಗೇಟಿನವರೆಗೆ ಹೋದವರು ತಿರುಗಿ ಮೇಸ್ತ್ರಿಯನ್ನು ನೋಡಿದರು. “ಕಣ್ಣು ತೋರಿಸ್ಕೊಳ್ಳಿ. ಕೆಲಸ ಬಾಕಿ ಇರಬಹುದು.”

ತಿಂಗಳು ಮುಗಿಯುವ ಮೊದಲೇ ಫೋನು ಬಂತು. ಎರಡನೆಯ ಹಂತಕ್ಕೆ ಒಪ್ಪಿಗೆ ಸಿಕ್ಕಿತ್ತು, ಒಂದು ಷರತ್ತಿನೊಂದಿಗೆ: ಮುಂದಿನ ಕವಚಕ್ಕೆ ಮುಚ್ಚಳ ಕೂರಬೇಕು. ಸುದ್ದಿ ಕೇಳಿ ಉಗಿಬಂಡಿ ಕುಲುಮೆಯ ಬೂದಿ ತೆಗೆಯಲು ಹೋದ, ತೆಗೆಯಲು ಅಲ್ಲಿ ಹೆಚ್ಚು ಬೂದಿಯಿರದಿದ್ದರೂ. ಗೋದಾಮಿನವನಿಗೆ ಅತ್ತೆಯೇ ಫೋನ್ ಮಾಡಿ, “ಅಂಗಳ ಅಳೆದ ಶ್ರಮಕ್ಕೆ ಒಂದಿನ ಚಹಾಕ್ಕೆ ಬನ್ನಿ” ಎಂದರು.

ಕಣ್ಣಿನ ವೈದ್ಯರು ಒಂದು ಕಣ್ಣಿನ ಪೊರೆ ತೆಗೆದು, ಕೆಲ ವಾರಗಳ ಮೇಲೆ ಹೊಸ ಕನ್ನಡಕ ಕೊಟ್ಟರು. ಅದನ್ನು ಹಾಕಿಕೊಂಡು ಎರಕಶಾಲೆಗೆ ಬಂದ ಬೆಳಿಗ್ಗೆ ಮೇಸ್ತ್ರಿ ಬಾಗಿಲಲ್ಲೇ ನಿಂತುಬಿಟ್ಟರು. ಮಾಡಿನ ಗಾಜಿನ ಮಸಿ, ಗೋಡೆಯ ಬಿರುಕು, ಉಗಿಬಂಡಿಯ ಗಡ್ಡದ ಬಿಳಿಗೂದಲು, ಎಲ್ಲವೂ ಒಮ್ಮೆಗೇ ಎದುರು ಬಂದವು.

“ಇಷ್ಟು ಗಲೀಜಾಗಿತ್ತೇನೋ ಇದು?”

“ಮೊದಲಿಂದಲೂ ಹೀಗೇ ಇತ್ತು, ಯಜಮಾನ್ರೆ. ನೀವು ಸಂತೋಷವಾಗಿದ್ರಿ.”

ಕಿಡಿ ಹೊಸ ನಕ್ಷೆಯನ್ನು ಮೇಜಿನ ಮೇಲೆ ಬಿಡಿಸಿಟ್ಟಿದ್ದಳು; ಸುರುಳಿಯಾಗದಂತೆ ಅದರ ಅಂಚಿಗೆ ಉಳಿದ ಕಂಚಿನ ಹೋಳನ್ನು ಹೇರಿದ್ದಳು. ಮೇಸ್ತ್ರಿ ಮರದ ತುಂಡನ್ನು ಆರಿಸಿ, ಪೆನ್ಸಿಲು ಚೂಪು ಮಾಡಿಕೊಂಡರು. ಒಂದು ಕೈಯಲ್ಲಿ ಅಪ್ಪನ ಕುಗ್ಗು ಸ್ಕೇಲು, ಇನ್ನೊಂದರಲ್ಲಿ ದಪ್ಪ ಅಂಕಿಗಳ ಹೊಸ ಸ್ಕೇಲು. ಎರಡರ ಗೆರೆಗಳೂ ಕಾಣುತ್ತಿದ್ದವು. ತಮ್ಮ ಅಪ್ಪನಾಗಲಿ ತಾವಾಗಲಿ ಆ ಮಾಡಿನ ಕೆಳಗೆ ಎಂದೂ ಕೇಳದ ಮಾತನ್ನು ಅವರು ಆ ತುದಿಯಿಂದ ಈ ತುದಿಗೆ ಕೇಳುವಂತೆ ಕೂಗಿದರು.

“ಕಿಡೀ! ಇದರಲ್ಲಿ ಕುಗ್ಗು ಸೇರಿಸಿದ್ದೀಯೋ, ಇಲ್ವೋ?”

ಮರಳು ಜರಡಿ ಹಿಡಿಯುತ್ತಿದ್ದ ಉಗಿಬಂಡಿಯ ಕೈ ನಿಂತಿತು.

“ಇಲ್ಲ ಮಾವ” ಎಂದಳು ಕಿಡಿ, ಅಷ್ಟೇ ಗಟ್ಟಿಯಾಗಿ. “ಅದು ನಿಮಗೇ ಬಿಟ್ಟಿದ್ದೀನಿ.”

ಮೇಸ್ತ್ರಿ ಹೊಸ ಸ್ಕೇಲನ್ನು ಮೊಳೆಗೆ ತೂಗುಹಾಕಿ, ಹಳೆಯದನ್ನು ಮರದ ಮೇಲಿಟ್ಟು, ಮೊದಲ ಗೆರೆ ಎಳೆದರು.