ಸಂಜೆಯವರೆಗಿನ ಗಡುವು

ಉಲ್ಹಾಸನಗರದ ಸೀರೆ ಅಂಗಡಿಯ ವೆಬ್‌ಸೈಟು. ಗಿರಾಕಿ ಸೀರೆ ಆರಿಸಿ ದುಡ್ಡು ಕಟ್ಟುವ ಪುಟ ಸಂಜೆಯೊಳಗೆ ಮುಗಿಯದಿದ್ದರೆ ರಾಜಶೇಖರನ ಕೆಲಸ ಹೋಗುವುದಿತ್ತು. ವೆಬ್‌ಸೈಟು ಕಟ್ಟಿಕೊಡುವ ಥಾಣೆಯ ಆ ಸಣ್ಣ ಆಫೀಸಿನಲ್ಲಿ ಇನ್ನೂ ಕೈಯಾರೆ ಕೋಡು ಬರೆಯುತ್ತಿದ್ದವನು ಅವನೊಬ್ಬನೇ. ಧಣಿ ಜಯೇಶನಿಗೆ ಆ ನಿಧಾನವೇ ಕಣ್ಣುರಿ. ಅವನು ತಂದ ಎಐ ಏಜೆಂಟಿಗೆ ಕೋಡು, ಸರ್ವರು, ಬ್ರೌಸರು, ಆಫೀಸಿನ ವಾಟ್ಸಾಪ್ ಗುಂಪು ಎಲ್ಲವನ್ನೂ ಜೋಡಿಸಿಟ್ಟಿದ್ದ. ಒಂದು ಮಾತು ಹೇಳಿದರೆ ಸಾಕು, ಅದೇ ಬರೆದು, ಅದೇ ಪರೀಕ್ಷಿಸಿ, ಅದೇ ಸೈಟಿಗೆ ಏರಿಸುತ್ತಿತ್ತು. ಅದನ್ನು ನಡೆಸುವವನು ಕುಶಲ.

ನಡೆಸುತ್ತಿದ್ದರೂ ಅದನ್ನು ಕಂಡರೆ ಕುಶಲನಿಗೆ ಮೈಯೆಲ್ಲ ಉರಿ. ಹತ್ತನೇ ಫೇಲಾಗಿ, ಡೊಂಬಿವಲಿಯಲ್ಲಿ ಮಾವನ ಹೋಟೆಲಿನ ಗಲ್ಲಾದಲ್ಲಿ ಕೂತಿದ್ದವನಿಗೆ ಈ ವಿದ್ಯೆ ಕಲಿಸಿದ್ದು ಅಲ್ಲಿಗೆ ಊಟಕ್ಕೆ ಬರುತ್ತಿದ್ದ ರಾಜಶೇಖರ. ರವಿವಾರಗಳಲ್ಲಿ ಪಕ್ಕ ಕೂರಿಸಿಕೊಂಡು, ಬೈದು, ತಿದ್ದಿ ಕಲಿಸಿದ್ದ. ಅಂಥವನನ್ನು ಒಂದು ಯಂತ್ರದ ಜತೆ ಓಟಕ್ಕೆ ಬಿಡುವುದೇ?

ಅಂದು ಬೆಳಿಗ್ಗೆ ಲೋಕಲ್ ರೈಲಿನಲ್ಲಿ, ಅಂಬರನಾಥದಿಂದ ಕೂತು ಬಂದ ರಾಜಶೇಖರ ಮುಂಬ್ರಾ ಬರುತ್ತಲೇ ಎದ್ದು, ಡೊಂಬಿವಲಿಯಿಂದ ನಿಂತಿದ್ದ ಕುಶಲನನ್ನು ಕೂರಿಸಿದ. ಒಂದಷ್ಟು ದಾರಿ ಕೂತವರು ಉಳಿದ ದಾರಿಗೆ ನಿಂತವರಿಗೆ ಸೀಟು ಬಿಡುವುದು ಆ ಡಬ್ಬಿಯ ರಿವಾಜು. ಯಾರೂ ಯಾರನ್ನೂ ಕೇಳುವುದಿಲ್ಲ.

"ಪುಟ ಮುಗೀತಾ ಅಣ್ಣ?"

"ಸಂಜೀಕ ಮುಗೀತೈತಿ. ಯಾಕ ಮಾಸ್ತರ, ನನ್ನ ಮ್ಯಾಲೆ ನಂಬಿಕಿ ಇಲ್ಲೇನು?" ಶಿಷ್ಯನನ್ನೇ ಮಾಸ್ತರ ಎಂದು ಕರೆದು ರಾಜಶೇಖರ ನಕ್ಕ.

"ನಿಮ್ಮ ಮೇಲೆ ಉಂಟು ಮಾರಾಯ್ರೆ. ಆ ಜಯೇಶನ ಮೇಲೆ ಇಲ್ಲ."

ಮಧ್ಯಾಹ್ನ ರಾಜಶೇಖರ ಪಕ್ಕದ ಕೋಣೆಯಲ್ಲಿ ರೊಟ್ಟಿಯ ಗಂಟು ಬಿಚ್ಚಿದ. ಸಂಜೆಗೆ ಪುಟ ಮುಗಿಯದೆ ಅವನ ಕೆಲಸ ಹೋದರೆ ಎಂದು ಕುಶಲನಿಗೆ ತಡೆಯಲಾಗಲಿಲ್ಲ. ಕೇಳದೆ ಸೀಟು ಬಿಟ್ಟಂತೆ ಇದೂ ಒಂದು ಎಂದುಕೊಂಡು, ರಾಜಶೇಖರನ ಹೆಸರಿನಲ್ಲಿದ್ದ ಆ ಕೆಲಸವನ್ನು ಪೂರ್ತಿ ಮಾಡೆಂದು ಏಜೆಂಟಿಗೆ ಹೇಳಿದ. ಅದು ನಡುನಡುವೆ ಅನುಮತಿ ಕೇಳಿತು. ಏನು ಕೇಳುತ್ತಿದೆ ಎಂದು ನೋಡದೆ ಕೊಡುತ್ತಾ ಹೋದ. ಹತ್ತು ನಿಮಿಷವೂ ಹಿಡಿಯಲಿಲ್ಲ.

ಆಮೇಲೆ ಎಲ್ಲರ ಫೋನೂ ಒಟ್ಟಿಗೆ ಟಿಣ್ ಎಂದಿತು.

ಮುಗಿದ ಕೆಲಸದ ವರದಿಯನ್ನು ಗುಂಪಿಗೆ ಹಾಕುವಂತೆ ಜಯೇಶನೇ ಏಜೆಂಟನ್ನು ಹೊಂದಿಸಿಟ್ಟಿದ್ದ. ಕುಶಲನಿಗೆ ಗೊತ್ತಿತ್ತು, ಆ ಉರಿಯಲ್ಲಿ ಮರೆತಿದ್ದ. "ರಾಜಶೇಖರ ಅವರ ಕೆಲಸವನ್ನು ಏಜೆಂಟ್ ಪೂರ್ಣಗೊಳಿಸಿದೆ. ಅರ್ಧ ಬರೆದ ಹಳೆಯ ಕೋಡನ್ನು ತೆಗೆದುಹಾಕಿ, ಎಲ್ಲವನ್ನೂ ಹೊಸದಾಗಿ ಬರೆಯಲಾಗಿದೆ."

ರಾಜಶೇಖರ ರೊಟ್ಟಿಯ ಚೂರು ಕೈಯಲ್ಲಿ ಹಿಡಿದೇ ಅದನ್ನು ಓದಿದ.

ಜಯೇಶ ಕ್ಯಾಬಿನ್ನಿನಿಂದ ನಗುತ್ತಾ ಬಂದ. "ಅರೇ ವಾಹ್! ರಾಜ್ ಭಾಯ್, ಹಾಗಾದ್ರೆ ಪೂರಾ ಒಂದು ವಾರದಿಂದ ನೀವು ಟೈಮ್‌ಪಾಸ್ ಮಾಡ್ತಿದ್ರಾ?"

"ಅವರಿಗೆ ಗೊತ್ತೇ ಇಲ್ಲ ಸೇಠ್. ಏಜೆಂಟನ್ನು ಹಾಕಿದ್ದು ನಾನು," ಕುಶಲ ಅಡ್ಡ ಬಂದ. "ಅವರದ್ದು ಸಂಜೆಗೆ ಆಗ್ತಿತ್ತು."

"ಆಗ್ತಿತ್ತು, ಆಗ್ತಿತ್ತು! ಈಗಲೇ ಆಯ್ತಲ್ಲ ದೋಸ್ತ್. ಸೋಮವಾರದಿಂದ ಅವರ ಕೆಲಸಾನೂ ನೀನೇ ನೋಡ್ಕೋ."

ಜಯೇಶ ಒಳಗೆ ಹೋದ. ಕುಶಲ ರಾಜಶೇಖರನ ಮುಂದೆ ನಿಂತ. "ಬೈಯಿರಿ ಅಣ್ಣ. ಬೇಕಾದರೆ ಎರಡು ಬಾರಿಸಿ."

"ಬೈದು ಏನ್ ಮಾಡ್ಲೋ." ರಾಜಶೇಖರ ರೊಟ್ಟಿಯನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿದ. "ಸಂಜೀತನಕ ಕಾಯಾಕ ಆಗಲಿಲ್ಲೇನು ನಿನಗ? ಅಂವಾ ನಂಬಲಿಲ್ಲ, ಬಿಡು. ನೀ?"

ಜಗತ್ತಿನ ಮೇಲೆಲ್ಲ ಹರಿಹಾಯುವ ಕುಶಲ, ತನ್ನ ಮೇಲೆ ಹರಿಹಾಯುವುದು ಹೇಗೆಂದು ತಿಳಿಯದೆ ನಿಂತ.

ರಾಜಶೇಖರ ಮನೆಗೆ ಹೋಗಲಿಲ್ಲ. ಅವನ ಕಂಪ್ಯೂಟರಿನಲ್ಲಿ ಹಳೆಯ ಪ್ರತಿ ಉಳಿದಿತ್ತು. ಅದನ್ನು ತೆರೆದು, ನಿಲ್ಲಿಸಿದಲ್ಲಿಂದ ಬರೆಯತೊಡಗಿದ. ಯಾರಿಗೂ ಬೇಡದ ಪುಟ. ಕಿಟಕಿಯ ಬಿಸಿಲು ಹಳದಿಯಾಗುವಾಗ ಬರೆದು ಮುಗಿಸಿ, ಪರೀಕ್ಷೆಗೆಂದು ಕೆಂಪು ಅಂಚಿನ ಸೀರೆಯೊಂದನ್ನು ಆರಿಸಿದ. ಗಿರಾಕಿಯ ಹೆಸರಿನ ಜಾಗದಲ್ಲಿ ಹೆಂಡತಿ ವೈಶಾಲಿಯ ಹೆಸರು ಹೊಡೆದ. ಆರ್ಡರ್ ಬಂದಿದೆ, ಧನ್ಯವಾದ ಎಂದು ಪುಟ ಹೇಳಿತು.

"ನಡೀತು," ಎಂದ, ಯಾರಿಗೆಂದಿಲ್ಲದೆ. ಕುರ್ಚಿಯನ್ನು ಮೇಜಿನಡಿ ಸರಿಸಿ ಹೊರಟುಹೋದ.

"ಕುಶಲ್," ಒಳಗಿನಿಂದ ಜಯೇಶ ಕೂಗಿದ, "ರಾಜ್ ಭಾಯ್ ಕಂಪ್ಯೂಟರ್‌ನಲ್ಲಿರೋದೆಲ್ಲಾ ಅಳಿಸಿ ಖಾಲಿ ಮಾಡಿಡು, ಹಾಂ?"

"ಆಯ್ತು ಸೇಠ್," ಎಂದ ಕುಶಲ. ಎಂದ ಬಾಯನ್ನು ಕಲ್ಲಿನಿಂದ ಜಜ್ಜಬೇಕೆನಿಸಿತು.