ಹೆಸರು ಕೇಳಿದ ಅಳಿಯ

ವೆಂಕಟರವಣಪ್ಪ ಬೆಂಗಳೂರಿನಲ್ಲಿ ಮನೋರೋಗಿಗಳಿಗೆ ಮಾತಿನಿಂದಲೇ ಚಿಕಿತ್ಸೆ ಕೊಡುವ ವಿದ್ಯೆ ಕಲಿಯುತ್ತಿದ್ದ. ಅಂಬಾಜಿದುರ್ಗದ ಪಕ್ಕದ ಅವನ ಊರಿನವರಿಗೆ, ಮಾತಾಡುವುದಕ್ಕೂ ಪಾಠವೇ ಎಂದು ನಗು. ಅವನಿಗೋ ಬೆಂಗಳೂರಿನ ಕನ್ನಡ ನಾಲಿಗೆಗೆ ಹತ್ತಿದ ಮೇಲೆ ಊರಿನ ಹೆಸರೆತ್ತಿದರೇ ಮುಜುಗರ.

ಪಾಠ ಹೇಳುವ ಡಾಕ್ಟರ್ ಶ್ಯಾಮಲಮ್ಮ ಮೊದಲ ದಿನವೇ ಕೇಳಿದ್ದರು: "ನಿಮ್ಮ ಮನೆಯಲ್ಲಿ ಯಾರಿಗಾದರೂ ಮನಸ್ಸಿನ ಕಾಯಿಲೆ ಇದೆಯೆ? ಸಂಕೋಚ ಬೇಡ. ಮನೆಯವರ ಬಗ್ಗೆ ನಾಚುವವರು ರೋಗಿಯ ಎದುರು ಕೂರಲಾರರು." ಇಬ್ಬರು ಕೈಯೆತ್ತಿದರು. ರವಣಪ್ಪ ಎತ್ತಲಿಲ್ಲ. ಅವನ ಸೋದರತ್ತೆ ಚಿಕ್ಕವೆಂಕಟಮ್ಮ ಸಿಡುಬಿನಲ್ಲಿ ಮಗುವನ್ನು ಕಳೆದುಕೊಂಡು ತವರು ಸೇರಿದವಳು. ಗೋಡೆಯ ಜೊತೆ ಮಾತಾಡುತ್ತಾಳೆ. ನೆಂಟರು ಬಂದರೆ ಅವಳನ್ನು ಹಿತ್ತಿಲ ಕೋಣೆಗೆ ಕಳಿಸಿ ಚಿಲಕ ಹಾಕುತ್ತಿದ್ದರು. ಎಷ್ಟೋ ಸಲ ಆ ಚಿಲಕ ಹಾಕಿದವನು ಇವನೇ. ಅದನ್ನೆಲ್ಲ ನಾಲ್ಕು ಜನರ ಮುಂದೆ ಹೇಳುವುದುಂಟೆ!

ಅರವತ್ನಾಲ್ಕರ ಜನವರಿಯಲ್ಲಿ ಶ್ಯಾಮಲಮ್ಮ ಶಿಷ್ಯರನ್ನು ಅವನ ಊರಿಗೆ ಹತ್ತಿರದ ಚಿಂತಾಮಣಿಗೆ ಕರೆತಂದರು. ಭಾನುವಾರ, ಸ್ಕೂಲಿನ ಒಂದು ಕೊಠಡಿ. ಬಂದ ರೋಗಿಯೊಡನೆ ಒಬ್ಬರು ಮಾತಾಡಬೇಕು, ಮಿಕ್ಕವರು ನೋಡಿ ಕಲಿಯಬೇಕು. ಈ ಸುದ್ದಿಯನ್ನು ಜಂಬದಿಂದ ಮನೆಗೆ ಕಾಗದ ಬರೆದು ತಿಳಿಸಿದವನೂ ರವಣಪ್ಪನೇ. ಅದರ ಫಲ ಅವನ ಸರದಿಯಲ್ಲೇ ಬಾಗಿಲಿಗೆ ಬಂದು ನಿಂತಿತು. ಚಿಕ್ಕವೆಂಕಟಮ್ಮ ಒಬ್ಬಳೇ ಬಸ್ಸು ಹತ್ತಿ ಬಂದಿದ್ದಳು, ಕೈಯಲ್ಲೊಂದು ಬಟ್ಟೆಯ ಗಂಟು. ಅವನನ್ನು ಕಂಡು ಮುಖ ಅರಳಿತು. ಚಿಕ್ಕಂದಿನಿಂದ ಮುದ್ದಾಗಿ ಕರೆಯುತ್ತಿದ್ದ ಹಾಗೆ "ನಾಯ್ನಾ" ಎನ್ನಲು ಬಾಯಿ ತೆರೆದಳು.

"ಕುಳಿತುಕೊಳ್ಳಿ ತಾಯಿ. ನಿಮ್ಮ ಹೆಸರೇನು?" ಎಂದುಬಿಟ್ಟ ರವಣಪ್ಪ.

ಅವಳು ಅವನನ್ನು ನೋಡಿದಳು, ಸುತ್ತ ಕೂತವರನ್ನು ನೋಡಿದಳು. ಬುದ್ಧಿ ಸರಿಯಿಲ್ಲ ಎನ್ನಿಸಿಕೊಂಡವಳಿಗೆ ಒಂದೇ ಗಳಿಗೆಯಲ್ಲಿ ಎಲ್ಲ ಅರ್ಥವಾಯಿತು.

"ಚಿಕ್ಕವೆಂಕಟಮ್ಮ ಅಂತಾರೆ, ಸಾರ್."

ಆ 'ಸಾರ್' ಕೇಳಿ ಅವನ ಕಿವಿ ಬಿಸಿಯಾಯಿತು. ಆದರೂ ಕಲಿತ ಪಾಠ ಬಿಡಲಿಲ್ಲ. "ಮನೆಯಲ್ಲಿ ಯಾರ್ಯಾರಿದ್ದಾರೆ?"

"ಅಣ್ಣ, ಅತ್ತಿಗೆ. ಒಬ್ಬ ಅಳಿಯ ಅವ್ನೆ ಸಾರ್, ನಾನೇ ಎತ್ತಿ ಆಡಿಸ್ದೋನು. ಬೆಂಗ್ಳೂರಲ್ಲಿ ಓದ್ತಾವ್ನೆ. ಬಂಗಾರದಂಥೋನು."

"ನಿಮ್ಮ ಸಂಕಟ ಅವನ ಹತ್ತಿರ ಹೇಳಿಕೊಂಡಿದ್ದೀರಾ?" ಎಂದು ಶ್ಯಾಮಲಮ್ಮ ನಡುವೆ ಕೇಳಿದರು.

"ಎಲ್ಲಿ ಹೇಳ್ಲಮ್ಮಾ! ಅವನ್ಗೆ ಓದೋದೇ ಬೇಕಾದಷ್ಟೈತೆ."

ಆಮೇಲೆ ಅವಳು ಸತ್ತ ಮಗುವಿನ ಮಾತಾಡಿದಳು. ಮಂಗಮ್ಮ ಅಂತ ಹೆಸರಿಟ್ಟಿದ್ದಳಂತೆ. ಇಪ್ಪತ್ತು ವರ್ಷ ಒಂದೇ ಮನೆಯಲ್ಲಿದ್ದವನಿಗೆ ಆ ಹೆಸರು ಗೊತ್ತಾದದ್ದು ಅವತ್ತೇ. ಅವಳು ಕಣ್ಣೊರೆಸಿಕೊಂಡು ಎದ್ದು ಗಂಟನ್ನು ಮೇಜಿನ ಮೇಲಿಟ್ಟಳು. "ಅವರೆಬೇಳೆ ಹುರ್ದು ತಂದಿದ್ದೆ. ಇಲ್ಲಿರೋ ಮಕ್ಳು ಯಾರಾದ್ರೂ ತಿನ್ಲಿ," ಎಂದು ಹೊರಟಳು.

"ಶಭಾಷ್! ಗುರುತೇ ಇಲ್ಲದ ಹೆಂಗಸು ಇಷ್ಟು ಮನಸ್ಸು ಬಿಚ್ಚಿದಳಲ್ಲ!" ಎಂದರು ಶ್ಯಾಮಲಮ್ಮ. ಗೆಳೆಯರು ಗಂಟು ಬಿಚ್ಚಿ ಅವನ ಕೈಗೂ ಒಂದು ಹಿಡಿ ಹಾಕಿದರು. ಅವನು ಅದನ್ನು ಹಾಗೇ ಗಂಟಿಗೆ ಸುರಿದ. ನಾಚಿಕೆಯಿಂದ ಮೈಯೆಲ್ಲ ಹಿಡಿಯಷ್ಟಾಯಿತು.

"ಮೇಡಂ, ಅವಳು ನನ್ನ ಸೋದರತ್ತೆ."

ಶ್ಯಾಮಲಮ್ಮನ ಮುಖದ ನಗು ಆರಿತು. "ನನಗ್ಯಾಕೆ ಹೇಳ್ತೀಯಪ್ಪಾ? ಹೋಗು, ಅವರಿಗೆ ಹೇಳು."

ಓಡಿದ. ಅವಳು ಹತ್ತಿದ್ದ ಊರಿನ ಬಸ್ಸು ಇನ್ನೂ ನಿಂತಿತ್ತು. "ಅತ್ತೇ!" ಎಂದು ಕಿಟಕಿಯ ಕಂಬಿ ಹಿಡಿದು ಕೂಗಿದ. "ಅತ್ತೇ, ತಪ್ಪಾಯ್ತು ಕಣತ್ತೆ!"

ಪಕ್ಕದಲ್ಲಿ ಕೂತಿದ್ದ ಹೆಂಗಸು ಕೇಳಿದಳು: "ಯಾರಮ್ಮ, ನಿಮ್ಮ ಹುಡುಗನಾ?"

ಚಿಕ್ಕವೆಂಕಟಮ್ಮ ಅವನ ಬೆನ್ನ ಹಿಂದೆ ಕಣ್ಣು ಹಾಯಿಸಿದಳು. ಏನಾಯಿತೋ ಎಂದು ಇಬ್ಬರು ಗೆಳೆಯರು ಅವನ ಹಿಂದೆಯೇ ಓಡಿ ಬರುತ್ತಿದ್ದರು. ಅವಳು ಸೆರಗು ಮುಂದಕ್ಕೆಳೆದುಕೊಂಡು ಮುಖ ತಿರುಗಿಸಿದಳು.

"ಇಲ್ಲಮ್ಮ, ಯಾರೋ ಡಾಕ್ಟ್ರು. ಪಾಪ, ಬೇರೆ ಯಾರೋ ಅಂದ್ಕೊಂಡು ನನ್ನ ಕರೀತಾವ್ರೆ."